ಕೈನೋ, ಚಳಿನೋ?

ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ನಮ್ಮ ಅತ್ತೆ ನನ್ನನ್ನು ಹೊಗಳಿದ್ದು ಒಂದೇ ಸಲ. ಹಾಸನಕ್ಕೆ ಬಂದ ಹೊಸತು. ಬೆಳಗಿನ ಜಾವ ಇಡ್ಲಿ ಹಿಟ್ಟಿನ ಡಬರಿ ಮುಚ್ಚಳ ತೆಗೆದು ನೋಡಿದವರು, "ನಿನ್ನ ಕೈಗುಣ ಚೆನ್ನಾಗಿದೆ ಕಣೇ, ಹೆಂಗೆ ಉಕ್ಕಿದೆ ನೋಡು" ಅಂದರು. ಅಷ್ಟೇ. ಅವತ್ತಿನಿಂದ ನಮ್ಮ ಮೆಸ್ಸಿನ ಹಿಟ್ಟು ಕಲೆಸುವ ಕೆಲಸ ನನ್ನದಾಯಿತು. ತವರಿಗೆ ಹೋದರೂ ಸಂಜೆಯೊಳಗೆ ವಾಪಸ್ ಓಡಿ ಬರುತ್ತಿದ್ದೆ. ಬೇರೆಯವರು ಕಲೆಸಿದರೆ ಹಿಟ್ಟು ಏಳಲ್ಲ ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಆ ಕೈಗುಣವನ್ನು ನನ್ನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಸ್ಕೇಲು ಹಿಡಿದು ಅಳೆದಳು. ಅಳೆದು, ಅಂಥದ್ದೇನೂ ಇಲ್ಲ ಅಂತ ಜಿಲ್ಲಾ ಮಟ್ಟದ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ತೀರ್ಪುಗಾರರ ಎದುರು ಹೇಳಿ ಬಂದಳು. ನಾನು ಹೊರಗೆ ಕಿಟಕಿ ಸರಳು ಹಿಡಿದು ನಿಂತು ಕೇಳಿಸಿಕೊಂಡೆ.

ಪರಿಚಯದ ತಾಯಂದಿರು ಆಗಾಗ ಕೇಳುತ್ತಾರೆ, "ನೀವು ಅವಳಿಗೆ ಏನೇನು ಮಾಡಿಸಿದ್ರಿ?" ಅಂತ. ಮಾಡಿಸಿದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಾನು ಪಿಯುಸಿವರೆಗೆ ಓದಿದವಳು, ಅದೂ ಆರ್ಟ್ಸ್. ಶಾಲೆಯ ವಿಜ್ಞಾನ ಸ್ಪರ್ಧೆ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಥರ್ಮಕೋಲು. ಹಿಂದಿನ ವರ್ಷ ಶಾಲೆಯ ವಸ್ತು ಪ್ರದರ್ಶನಕ್ಕೆ ಮಳೆನೀರು ಕೊಯ್ಲಿನ ಮಾದರಿ ಮಾಡಬೇಕಿತ್ತು. ಮಗಳು ಒಂಬತ್ತಕ್ಕೇ ಮಲಗಿದಳು. ನಾನೂ ನಮ್ಮ ಯಜಮಾನರೂ ರಾತ್ರಿ ಒಂದು ಗಂಟೆಯವರೆಗೆ ಕೂತು ಮನೆ ಕಟ್ಟಿದೆವು, ಹೆಂಚು ಅಂಟಿಸಿದೆವು, ಗ್ಲೂಕೋಸ್ ಡ್ರಿಪ್ಪಿನ ಪೈಪು ಎಳೆದೆವು. ಪಾಚಿ ತಂದು ಹುಲ್ಲುಹಾಸು ಬೇರೆ. ಬಹಳ ಚೆಂದ ಬಂದಿತ್ತು. ಮರುದಿನ ನೋಡಲು ಬಂದವರೊಬ್ಬರು, "ಮೊದಲ ಮಳೆ ನೀರನ್ನ ಈ ಪೈಪಿಂದ ಆಚೆ ಬಿಡ್ತೀರಲ್ಲ, ಯಾಕಮ್ಮ?" ಅಂತ ಅವಳನ್ನು ಕೇಳಿದರು. ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ನಮ್ಮ ಯಜಮಾನರ ಮುಖ ನೋಡಿದೆ. ಅವರು ಪಾಚಿ ಸರಿ ಮಾಡುವವರ ಹಾಗೆ ಬಗ್ಗಿಕೊಂಡರು. ಛಾವಣಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಮೊದಲ ಮಳೆಯಲ್ಲಿ ಬರುತ್ತೆ, ಅದಕ್ಕೆ ಅದನ್ನು ಹೊರಗೆ ಬಿಡೋದು ಅಂತ ಆ ಪುಣ್ಯಾತ್ಮರೇ ಹೇಳಿಕೊಟ್ಟು ಹೋದರು. ಎರಡನೇ ಬಹುಮಾನ ಬಂತು. ಪ್ರೈಜು ತಗೊಂಡು ಬಂದ ಮಗಳು ಅದನ್ನು ನನ್ನ ಕೈಗೆ ಕೊಟ್ಟು, "ತಗೋ, ನಿಂದು" ಅಂದಳು. ತಮಾಷೆಗೆ ಅಂದಿದ್ದೋ ಏನೋ. ನನಗಂತೂ ಚುಚ್ಚಿತು.

ಮುಂದಿನ ವರ್ಷ ಅವರ ವಿಜ್ಞಾನದ ಮಿಸ್ ಮಕ್ಕಳ ವಿಜ್ಞಾನ ಸಮಾವೇಶದ ವಿಷಯ ಎತ್ತಿದರು. ಇದು 1993ರಿಂದ ದೇಶಾದ್ಯಂತ ನಡೆಯುತ್ತಿದೆಯಂತೆ. ನಮ್ಮ ರಾಜ್ಯದಲ್ಲಿ ನಡೆಸುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅದೇ 'ಬಾಲ ವಿಜ್ಞಾನ' ಪತ್ರಿಕೆ ತರುವವರು. ಮಾದರಿ ಮಾಡಿ ಮೇಜಿನ ಮೇಲಿಟ್ಟರೆ ಇಲ್ಲಿ ನಡೆಯಲ್ಲ. ಇಬ್ಬರು ಮಕ್ಕಳು ಸೇರಿ ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿದು, ನೋಡಿ, ಅಳೆದು, ದಿನಾ ಬರೆದಿಟ್ಟು, ಕೊನೆಗೆ ವರದಿ ಮಾಡಬೇಕು. ಜೊತೆಗೊಬ್ಬ ಮಾರ್ಗದರ್ಶಿ ಶಿಕ್ಷಕರು. ಹತ್ತರಿಂದ ಹದಿನಾಲ್ಕರೊಳಗಿನವರು ಕಿರಿಯರು, ಅಲ್ಲಿಂದ ಹದಿನೇಳರವರೆಗೆ ಹಿರಿಯರು. ವೇದಿಕೆ ಮೇಲೆ ಸಿಗುವುದು ಎಂಟು ನಿಮಿಷ. ಕನ್ನಡದಲ್ಲೇ ಮಾತಾಡಬಹುದು. ಆ ಸಲದ ಮುಖ್ಯ ವಿಷಯ ಆರೋಗ್ಯ, ಯೋಗಕ್ಷೇಮ ಮತ್ತು ಪರಿಸರ ವ್ಯವಸ್ಥೆಗೆ ಸಂಬಂಧಪಟ್ಟಿತ್ತು. ಊಟ ತಿಂಡಿ ಅದರೊಳಗೆ ಬರುತ್ತೆ ಅಂತ ಮಿಸ್ ಹೇಳಿದ್ದರು.

ಪ್ರಶ್ನೆ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ, ಅದೂ ಒಂದು ಅವಮಾನದಿಂದ. ತಮ್ಮನ ಮಗುವಿನ ನಾಮಕರಣಕ್ಕೆ ಹೋದವಳು ಜೋರು ಮಳೆಯಿಂದ ಆ ದಿನ ವಾಪಸ್ ಬರಲಾಗಲಿಲ್ಲ. ಕೆಲಸಕ್ಕೆ ಬರುವಾಕೆ ಹಿಟ್ಟು ರುಬ್ಬಿ ಸೌಟಿನಲ್ಲೇ ತಿರುವಿ ಇಟ್ಟು ಹೋಗಿದ್ದಳು. ಬೆಳಗ್ಗೆ ಇಡ್ಲಿ ಕಲ್ಲು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ತಟ್ಟೆಗೆ ಕುಟ್ಟಿ ಶಬ್ದ ಮಾಡಿ ತೋರಿಸಿದರಂತೆ. ಮಾರನೇ ದಿನ ನಾನು ಜಂಭದಿಂದಲೇ ಹೇಳಿದೆ, "ನೋಡಿದ್ಯಾ, ನನ್ನ ಕೈ ಬೀಳ್ಲಿಲ್ಲ. ಅದಕ್ಕೇ."

ಮಗಳು ದೋಸೆ ತಿನ್ನುತ್ತಿದ್ದಳು. "ಅವತ್ತು ಮಳೆ ಬಂದು ಚಳಿನೂ ಇತ್ತಲ್ಲಮ್ಮಾ. ಕೈನೋ, ಚಳಿನೋ?"

ನಾನು ಬೈದು ಸ್ಕೂಲಿಗೆ ಕಳಿಸಿದೆ. ಅವಳು ಅದನ್ನೇ ಹೋಗಿ ಮಿಸ್‌ಗೆ ಹೇಳಿದ್ದಾಳೆ. ಮಿಸ್ ಕುಣಿದಾಡಿಬಿಟ್ಟರು.

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹಾಸನವನ್ನು ಬಡವರ ಊಟಿ ಅಂತಾರೆ. ಊರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಜೂನ್‌ನಿಂದ ಜನವರಿವರೆಗೆ ಇಡ್ಲಿ ಹಿಟ್ಟಿನದ್ದೇ ಗೋಳು. ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಇಟ್ಟರೂ ಬೆಳಗ್ಗೆ ಏಳುವ ಹಿಟ್ಟು ನಮ್ಮಲ್ಲಿ ಸಂಜೆ ಐದಕ್ಕೇ ಇಟ್ಟರೂ ಕೆಲವು ಸಲ ಕಣ್ಣೇ ಬಿಡಲ್ಲ.

ಹಿಟ್ಟು ಯಾಕೆ ಉಬ್ಬುತ್ತೆ ಅನ್ನೋದು ಇಷ್ಟು ವರ್ಷ ಇಡ್ಲಿ ಮಾರಿದ ನನಗೆ ಗೊತ್ತಿರಲಿಲ್ಲ. ಉದ್ದಿನ ಜೊತೆಗೇ ಬರುವ ಒಂದು ಬ್ಯಾಕ್ಟೀರಿಯಾ ಹಿಟ್ಟಿನ ಸಕ್ಕರೆ ತಿಂದು ಹುಳಿ ಮಾಡುತ್ತೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ರುಬ್ಬಿದ ಉದ್ದಿನ ಲೋಳೆ ಆ ಗಾಳಿಯನ್ನು ಗುಳ್ಳೆಯಾಗಿ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೇ ಉದ್ದು ಕಮ್ಮಿಯಾದರೆ ಹಿಟ್ಟು ಹುಳಿ ಬಂದರೂ ಉಬ್ಬಲ್ಲ. ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್. 1965ರಲ್ಲೇ ಇಡ್ಲಿ ಹಿಟ್ಟಿನ ಮೇಲೆ ಸಂಶೋಧನೆ ಮಾಡಿ ಇದನ್ನು ತೋರಿಸಿದ್ದಾರೆ. ಮಗಳೂ ಅವಳ ಜೊತೆಗಾತಿಯೂ ವಾರವಿಡೀ ಆ ಹೆಸರನ್ನು ಮಂತ್ರದ ಹಾಗೆ ಹೇಳುತ್ತಾ ಓಡಾಡಿದರು. ಅತ್ತೆ ಮೂರನೇ ದಿನ ಕೇಳಿದರು, "ಅದೇನೇ ಅದು, ಗ್ಲೂಕೋಸಾ?"

ಬ್ಯಾಕ್ಟೀರಿಯಾ ಬೇಳೆಯಲ್ಲೇ ಇದೆ ಅಂದಮೇಲೆ ನನ್ನ ಕೈಗೇನು ಕೆಲಸ? ಇದ್ದರೂ ಇರಬಹುದು, ಕೈಯಲ್ಲೂ ಇರುತ್ತವಲ್ಲ ಅಂತ ನಾನು. ಅಳೆದು ನೋಡಿ ಅಂತ ಮಿಸ್. ಅವರು ಮಕ್ಕಳಿಗೆ ಒಂದು ಮಾತು ಕಟ್ಟಾಗಿ ಹೇಳಿದ್ದರು: ಉಪ್ಪು, ಮೆಂತ್ಯ, ಅವಲಕ್ಕಿ, ಎಲ್ಲಾ ಸೇರಿಸಬೇಡಿ. ಒಂದೇ ಪ್ರಶ್ನೆ. ಕೈನೋ, ಚಳಿನೋ.

ದಿನಾ ನಾಲ್ಕು ಡಬ್ಬಿ. ಒಂದೇ ಗ್ರೈಂಡರಿನ ಹಿಟ್ಟು, ಒಂದು ಪಾವು ಉದ್ದಿಗೆ ಎರಡು ಪಾವು ಇಡ್ಲಿ ರವೆ, ನಮ್ಮ ಮೆಸ್ಸಿನ ಲೆಕ್ಕ. ಅರ್ಧ ಹಿಟ್ಟನ್ನು ನಾನು ಕೈಯಿಂದ ಕಲೆಸೋದು, ಇನ್ನರ್ಧವನ್ನು ಬಿಸಿನೀರಲ್ಲಿ ತೊಳೆದ ಸೌಟಿನಿಂದ ಮಗಳು ತಿರುವೋದು. ಎರಡರಿಂದಲೂ ಒಂದೊಂದು ಡಬ್ಬಿ ಒಲೆ ಪಕ್ಕದ ಗೂಡಿನಲ್ಲಿ, ಒಂದೊಂದು ಹಿತ್ತಲ ಬಾಗಿಲ ಹತ್ತಿರ ನೆಲದ ಮೇಲೆ. ಸಂಜೆ ಆರಕ್ಕೆ ಇಟ್ಟರೆ ಎಂಟು, ಹತ್ತು, ಬೆಳಗಿನ ನಾಲ್ಕು, ಆರು ಗಂಟೆಗೆ ಅಳತೆ.

ಹೇಳೋಕೆ ಸುಲಭ. ಮೊದಲ ವಾರ ಪೂರ್ತಿ ದಂಡ. ಸ್ಟೀಲ್ ಲೋಟದಲ್ಲಿ ಶುರು ಮಾಡಿದರು. ಲೋಟ ಕೆಳಗೆ ಕಿರಿದು, ಮೇಲೆ ಅಗಲ. ಹಿಟ್ಟು ಒಂದು ಸೆಂಟಿಮೀಟರ್ ಏರಿದರೂ ಕೆಳಗಿನ ಒಂದು ಸೆಂಟಿಮೀಟರೇ ಬೇರೆ, ಮೇಲಿನದೇ ಬೇರೆ. ಅದನ್ನು ಮಿಸ್ ತೋರಿಸಿಕೊಟ್ಟ ಮೇಲೆ ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿ ತಂದೆ, ಮಸಾಲೆ ಪುಡಿ ತುಂಬಿಡುತ್ತೇವಲ್ಲ ಆ ಥರದ್ದು. ಉದ್ದಕ್ಕೆ ಕಾಗದದ ಪಟ್ಟಿ ಅಂಟಿಸಿ ಮಿಲಿಮೀಟರ್ ಗೆರೆ ಎಳೆದರು. ಉತ್ಸಾಹಕ್ಕೆ ಮುಕ್ಕಾಲು ಡಬ್ಬಿ ಹಿಟ್ಟು ತುಂಬಿದರು. ಬೆಳಗ್ಗೆ ನೋಡಿದರೆ ಗೂಡಿನ ತುಂಬ ಹಿಟ್ಟು, ಹಿಟ್ಟಿನ ತುಂಬ ಇರುವೆ. ಆಮೇಲೆ ಐದು ಸೆಂಟಿಮೀಟರ್ ಮಾತ್ರ ಹಾಕುವುದು ಅಂತಾಯಿತು.

ತಾಪಮಾನ ಅಳೆಯಲು ಮನೆಯ ಜ್ವರದ ಥರ್ಮಾಮೀಟರ್ ಹಿಟ್ಟಿಗೆ ಇಳಿಬಿಟ್ಟಳು. ಅದು ಮನುಷ್ಯರ ಮೈಬಿಸಿಗೆ ಮಾಡಿದ್ದು, ಅಷ್ಟು ತಣ್ಣಗಿದ್ದರೆ 'ಲೋ' ಅಂತ ತೋರಿಸಿ ಸುಮ್ಮನಾಗುತ್ತೆ. "ಹಿಟ್ಟಿಗೆ ಜ್ವರ ಇಲ್ಲ ಬಿಡು" ಅಂತ ನಮ್ಮ ಯಜಮಾನರು. ಕೊನೆಗೆ ಶಾಲೆಯ ಲ್ಯಾಬಿನ ಉದ್ದನೆಯ ಥರ್ಮಾಮೀಟರ್ ಬಂತು. ಬಟ್ಟೆಯಲ್ಲಿ ಸುತ್ತಿ ಸ್ಕೂಲ್ ಬ್ಯಾಗಿನಲ್ಲಿ ತರುವಾಗ ಆ ಎರಡು ಹುಡುಗಿಯರ ನಡಿಗೆ ನೋಡಬೇಕಿತ್ತು. ಕಳಶ ಹೊತ್ತವರ ಹಾಗೆ.

ಈಗ ನನ್ನ ಪಾತ್ರಕ್ಕೆ ಬರುತ್ತೇನೆ.

ಮೆಸ್ಸು ನಡೆಸುವವರಿಗೆ ದಿನ ಶುರುವಾಗೋದೇ ನಾಲ್ಕಕ್ಕೆ. ಹದಿಮೂರು ವರ್ಷದ ಮಗುವನ್ನು ಆ ಹೊತ್ತಿಗೆ ಎಬ್ಬಿಸೋದು ಬೇಡ ಅಂತ, ನಾಲ್ಕು ಗಂಟೆ ರೀಡಿಂಗ್ ನಾನೇ ತಗೋತೀನಿ ಅಂದೆ. ಮಿಸ್ ಒಪ್ಪಿದರು, ಆದರೆ ಲಾಗ್ ಬುಕ್ಕಿನಲ್ಲಿ ನನ್ನ ಕೈಬರಹದಲ್ಲೇ ಇರಬೇಕು, ಮಗಳು ಅದನ್ನು ಮತ್ತೆ ನೀಟಾಗಿ ಕಾಪಿ ಮಾಡಬಾರದು ಅಂದರು. ಅದ್ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಆಗ ನನಗೆ ಅನ್ನಿಸಿತ್ತು.

ನಾಲ್ಕು ದಿನ ಬರೆದೆ. ಒಲೆ ಹಚ್ಚಿ, ಸಾಂಬಾರಿಗೆ ಬೇಳೆ ಇಟ್ಟು, ಕನ್ನಡಕ ಹಾಕಿಕೊಂಡು ಡಬ್ಬಿ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಡಬ್ಬಿ ಮೇಲೆ 'ಕೈ', 'ಸೌಟು' ಅಂತ ಚೀಟಿ ಅಂಟಿಸಿತ್ತು. ನಿಜ ಹೇಳ್ತೀನಿ, ಒಂದು ಸಲವೂ ಬೇಕಂತ ತಪ್ಪು ಬರೆಯಲಿಲ್ಲ.

ಐದನೇ ದಿನ ಸಂಜೆ ಮಗಳು ಲಾಗ್ ಬುಕ್ ಹಿಡಿದು ಬಂದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ.

"ಅಮ್ಮಾ, ರಾತ್ರಿ ಹತ್ತಕ್ಕೆ ನಾನು ಅಳೆದಾಗ ಕೈ ಡಬ್ಬಿ, ಸೌಟು ಡಬ್ಬಿ ಎರಡೂ ಸಮ. ಬೆಳಗ್ಗೆ ಆರಕ್ಕೆ ನಾನು ಅಳೆದಾಗ್ಲೂ ಹೆಚ್ಚುಕಮ್ಮಿ ಸಮ. ನಾಲ್ಕು ಗಂಟೆಗೆ ಮಾತ್ರ ದಿನಾ ನಿನ್ನ ಕೈದು ಎರಡು ಮೂರು ಮಿಲಿಮೀಟರ್ ಮೇಲಿದೆ. ನಾಲ್ಕು ಗಂಟೆಗೆ ನಿನ್ನ ಕೈಗೆ ದೆವ್ವ ಬರುತ್ತಾ?"

ನನಗೆ ಸಿಟ್ಟು ಬಂತು. "ಅಂದ್ರೆ ನಾನು ಸುಳ್ಳು ಬರೆದೆ ಅಂತೀಯಾ?"

"ಸುಳ್ಳು ಅಂದಿಲ್ಲ. ಹೆಂಗೆ ಓದ್ತೀಯಾ ತೋರ್ಸು."

ತೋರಿಸಿದೆ. ಉಬ್ಬಿದ ಹಿಟ್ಟಿನ ಮೇಲ್ಭಾಗ ಸಮ ಇರಲ್ಲ, ನಡುವೆ ಗೋಪುರ, ಅಂಚಿನಲ್ಲಿ ತಗ್ಗು. ಕೈ ಡಬ್ಬಿಯ ಮುಂದೆ ಕೂತ ನಾನು ಗೋಪುರದ ತುದಿಗೆ ಕಣ್ಣು ಹಿಡಿದು ಓದಿದೆ. ಸೌಟಿನ ಡಬ್ಬಿಗೆ ಬಂದಾಗ ಅಂಚಿನ ಗೆರೆ ಓದಿದೆ. ಪಕ್ಕದಲ್ಲೇ ಮಗಳು ನಿಂತಿದ್ದಾಳೆ, ಆದರೂ ಹಾಗೇ ಓದಿದೆ. ನನಗೇ ಗೊತ್ತಾಗಿರಲಿಲ್ಲ. ಅವಳು ಕೈ ಬಾಯಿಗೆ ಅಡ್ಡ ಹಿಡಿದುಕೊಂಡು ನಗು ತಡೆದಳು. ಚಪಾತಿ ಹೆಂಚಿನ ಮೇಲೆ ಸೀಯುತ್ತಿತ್ತು.

ಆ ನಾಲ್ಕು ದಿನದ ಅಂಕಿ ಹರಿದು ಹಾಕಿ ಅಂತ ನಾನು ಮಿಸ್‌ಗೆ ಫೋನ್ ಮಾಡಿದೆ. "ಬೇಡ ಮೇಡಂ, ಅದು ಇರಲಿ, ಲೆಕ್ಕಕ್ಕೆ ಮಾತ್ರ ತಗೊಳ್ಳೋದು ಬೇಡ" ಅಂದರು. ಮುಂದೇನು ಮಾಡಬೇಕು ಅಂತ ಮಿಸ್ ಹೇಳಿಕೊಡಲಿಲ್ಲ, ನಾನಂತೂ ಹೇಳುವ ಸ್ಥಿತಿಯಲ್ಲೇ ಇರಲಿಲ್ಲ. ಹುಡುಗಿಯರಿಬ್ಬರೂ ಜಗಲಿಯಲ್ಲಿ ಕೂತು ಗುಸುಗುಸು ಮಾಡಿ ಒಂದು ಉಪಾಯ ಮಾಡಿದರು. ಚೀಟಿ ಕಿತ್ತು ಬರೀ ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್. ಯಾವ ನಂಬರು ಕೈ, ಯಾವುದು ಸೌಟು ಅಂತ ದಿನಾ ಬದಲಾಗುತ್ತೆ. ಡಬ್ಬಿಗೆ ತುಂಬುವಾಗ ಜೊತೆಗಾತಿ ಒಬ್ಬಳೇ ಇರುತ್ತಾಳೆ, ಬರೆದುಕೊಂಡು ತನ್ನ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಾಳೆ. ಅಳೆಯುವ ನನಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಓದುವುದು ಎಲ್ಲಕ್ಕೂ ಅಂಚಿನ ಗೆರೆಯೇ.

ಹೊಸ ಔಷಧಿ ಪರೀಕ್ಷೆ ಮಾಡುವಾಗ ಹೀಗೇ ಮಾಡುತ್ತಾರಂತೆ. ಯಾರಿಗೆ ಔಷಧಿ, ಯಾರಿಗೆ ಬರೀ ಹಿಟ್ಟಿನ ಗುಳಿಗೆ ಅಂತ ರೋಗಿಗೂ ಗೊತ್ತಿರಲ್ಲ, ಕೊಡುವ ಡಾಕ್ಟರಿಗೂ ಗೊತ್ತಿರಲ್ಲ. ಇದನ್ನು ಮಿಸ್ ಹೇಳಿದ್ದು ಮಕ್ಕಳು ತಾವೇ ಮಾಡಿದ ಮೇಲೆ.

ಆರು ರಾತ್ರಿ ಹಾಗೆ ನಡೆಯಿತು. ಆ ದಿನಗಳಲ್ಲಿ ನಾಲ್ಕು ಗಂಟೆಗೆ ಎದ್ದು ಡಬ್ಬಿ ಮುಂದೆ ಕೂತರೆ ಎದೆ ಢವಢವ. ಯಾವುದು ನನ್ನದು ಅಂತ ವಾಸನೆ ನೋಡಿದೆ, ಗುಳ್ಳೆ ನೋಡಿದೆ. ಇದೇ ಇರಬೇಕು ಅಂತ ಮನಸ್ಸಿನಲ್ಲೇ ಗುರುತಿಟ್ಟುಕೊಂಡೆ. ಕೊನೆಯ ದಿನ ಜೊತೆಗಾತಿಯ ಚೀಟಿ ಬಿಚ್ಚಿದಾಗ ನಾನು ಗುರುತಿಟ್ಟದ್ದರಲ್ಲಿ ಅರ್ಧಕ್ಕರ್ಧ ತಪ್ಪು. ಒಲೆ ಪಕ್ಕದ ಡಬ್ಬಿಗಳಲ್ಲಿ ಮೂರು ರಾತ್ರಿ ಕೈದು ಒಂದೆರಡು ಮಿಲಿಮೀಟರ್ ಜಾಸ್ತಿ, ಎರಡು ರಾತ್ರಿ ಸೌಟಿನದು ಜಾಸ್ತಿ, ಒಂದು ರಾತ್ರಿ ಸಮ. ಚಳಿಯದ್ದು ಮಾತ್ರ ಕಣ್ಣಿಗೆ ಹೊಡೆಯುವ ಹಾಗಿತ್ತು. ಒಲೆ ಪಕ್ಕದ ಗೂಡು ರಾತ್ರಿ ಹತ್ತಕ್ಕೆ 29 ಡಿಗ್ರಿ, ಬೆಳಗಿನ ನಾಲ್ಕಕ್ಕೂ 25, ಗೋಡೆ ಬಿಸಿ ಹಿಡಿದಿರುತ್ತೆ. ಅಲ್ಲಿ ಐದು ಸೆಂಟಿಮೀಟರ್ ಹಿಟ್ಟು ಎಂಟೂವರೆವರೆಗೆ ಏರಿತ್ತು. ಹಿತ್ತಲ ಬಾಗಿಲ ಹತ್ತಿರ 19, 20 ಡಿಗ್ರಿ. ಅಲ್ಲಿ ಆರು ಮುಟ್ಟಿದ್ದೇ ಹೆಚ್ಚು, ಕೈಯಾಗಲಿ ಸೌಟಾಗಲಿ.

ನಾಮಕರಣದ ದಿನ ಕೆಲಸದಾಕೆ ಡಬರಿಯನ್ನು ಎಲ್ಲಿಟ್ಟಿದ್ದಳು ಅಂತ ಕೇಳಿದೆ. "ಹಿತ್ಲ ಬಾಗ್ಲತ್ರ ಅಕ್ಕಾ, ಒಳಗೆ ಜಾಗ ಇರ್ಲಿಲ್ವಲ್ಲ" ಅಂದಳು. ಪಾಪ, ಅವಳನ್ನು ಎಷ್ಟು ಬೈದಿದ್ದೆ!

ವರದಿ ಬರೆಯುವಾಗ ನಾನು ದೂರ ಉಳಿದೆ, ಸುಮ್ನೆ ಹೇಳ್ತಿಲ್ಲ, ಬಹಳ ಕಷ್ಟಪಟ್ಟು ದೂರ ಉಳಿದೆ. ಅವರ ವಾಕ್ಯಗಳಲ್ಲಿ ಕಾಗುಣಿತ ತಪ್ಪಿತ್ತು. ಪೋಸ್ಟರಿನ ಇಡ್ಲಿ ಹಪ್ಪಳದ ಹಾಗಿತ್ತು. ಯಜಮಾನರ ಸ್ನೇಹಿತರು ಫ್ಲೆಕ್ಸ್ ಅಂಗಡಿ ಇಟ್ಟಿದ್ದಾರೆ, ಚೆಂದ ಪ್ರಿಂಟ್ ಹಾಕಿಸೋಣವಾ ಅಂದೆ. ಮಗಳು ಮಳೆನೀರು ಕೊಯ್ಲಿನ ಪ್ರೈಜು ಇಟ್ಟ ಶೋಕೇಸಿನ ಕಡೆ ಒಂದು ಸಲ ನೋಡಿದಳು. ಬಾಯಿ ಮುಚ್ಚಿಕೊಂಡೆ. ಡಬ್ಬಿ, ಚಾರ್ಟು, ಸ್ಕೆಚ್ ಪೆನ್ನು, ಜೆರಾಕ್ಸು, ಬೈಂಡಿಂಗ್ ಎಲ್ಲ ಸೇರಿ 700 ರೂಪಾಯಿಯೊಳಗೆ ಮುಗಿಯಿತು. ಹಿಟ್ಟು ದಂಡವಾಗಲಿಲ್ಲ, ದೋಸೆಯಾಯಿತು.

ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಅವರ ಎಂಟು ನಿಮಿಷದ ಮಾತನ್ನು ಮೆಸ್ಸಿನ ಹುಡುಗರ ಎದುರು ಆಡಿಸಿದ್ದು. ರಾತ್ರಿ ಊಟ ಮುಗಿಸಿದವರಿಗೆ, "ಸ್ವಲ್ಪ ಕೂತು ಕೇಳ್ರಪ್ಪ, ಬಾಳೆಹಣ್ಣು ಫ್ರೀ" ಅಂದೆ. ಹನ್ನೊಂದು ಜನ ಕೂತರು. ಮೊದಲ ದಿನ ಮಗಳು ಎರಡು ನಿಮಿಷಕ್ಕೇ ಎಲ್ಲಾ ಒದರಿ ಮುಗಿಸಿದಳು. ಹುಡುಗರು ಬಿಡುತ್ತಾರಾ? "ಎರಡು ಡಬ್ಬಿಗೂ ಒಂದೇ ದಿನದ ಹಿಟ್ಟಾ?" "ಆರೇ ರಾತ್ರಿ ಸಾಕಾ?" "ನಿಮ್ಮಮ್ಮನ ಕೈ ಬಿಟ್ಟು ಬೇರೆಯವರ ಕೈ ನೋಡಿದ್ರಾ?" ಕೊನೆಯದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಏನೋ ಒಂದು ಹೇಳಿಬಿಡು ಅಂತ ನಾನು ಸನ್ನೆ ಮಾಡಿದೆ. ಅವಳು, "ಇಲ್ಲ ಅಣ್ಣ, ನೋಡಿಲ್ಲ" ಅಂದಳು. ನಾಲ್ಕು ರಾತ್ರಿ ಹೀಗೆ ನಡೆದ ಮೇಲೆ ಅವಳ ಧ್ವನಿ ನಡುಗುವುದು ನಿಂತಿತು.

ಸ್ಪರ್ಧೆಯ ದಿನ ಬುತ್ತಿಗೆ ಚಿತ್ರಾನ್ನ ಕಟ್ಟಿದೆ. ಇಡ್ಲಿ ನೋಡಿದರೆ ಇಬ್ಬರಿಗೂ ವಾಕರಿಕೆ ಬರುವ ಹಾಗಾಗಿತ್ತು. ತಾಲೂಕುಗಳಿಂದ ಮಕ್ಕಳು ಬಂದಿದ್ದರು. ಕೆರೆ ನೀರು ಅಳೆದವರು, ಹೊಲದ ಎರೆಹುಳು ಎಣಿಸಿದವರು, ಊರಿನ ನಾಟಿ ಔಷಧಿ ಬರೆದುಕೊಂಡವರು. ಹಳ್ಳಿ ಶಾಲೆಯ ಇಬ್ಬರು ಹುಡುಗರು ಹರಿದ ಬ್ಯಾಗಿನಿಂದ ಎಷ್ಟು ಚೆಂದದ ಲಾಗ್ ಬುಕ್ ತೆಗೆದರು ಅಂದರೆ, ನಮ್ಮದು ಅಡುಗೆಮನೆ ಚೀಟಿ ಹಾಗೆ ಕಾಣಿಸಿತು. ಅರಿಶಿನದ ಕಲೆ ಬೇರೆ.

ಪೋಷಕರು ಕೋಣೆಯೊಳಗೆ ಬರುವ ಹಾಗಿಲ್ಲ ಅಂದರು. ಕಿಟಕಿ ಇತ್ತಲ್ಲ.

ಮಗಳು ಶುರು ಮಾಡಿದಳು. ಜೊತೆಗಾತಿ ಚಾರ್ಟು ತೋರಿಸಿದಳು. ಲ್ಯೂಕೊನಾಸ್ಟಾಕ್ ಸರಿಯಾಗಿ ಬಂತು, ನಾನು ಉಸಿರು ಬಿಟ್ಟೆ. ಮಾತು ಮುಗಿದ ಮೇಲೆ ವಯಸ್ಸಾದ ತೀರ್ಪುಗಾರ್ತಿಯೊಬ್ಬರು ಲಾಗ್ ಬುಕ್ ತಿರುವಿದರು. ಒಂದು ಪುಟಕ್ಕೆ ಬಂದು ನಿಂತರು.

"ಇಲ್ಲಿ ಎರಡು ಥರ ಅಕ್ಷರ ಇದೆಯಲ್ಲ. ಇದು ಯಾರದು?"

ನನ್ನ ಕಾಲಿನ ಶಕ್ತಿಯೆಲ್ಲ ಇಳಿದು ಹೋಯಿತು. ಮುಗೀತು, ತಾಯಿ ಬರೆದುಕೊಟ್ಟಿದ್ದಾಳೆ ಅಂದುಕೊಳ್ಳುತ್ತಾರೆ.

"ನಮ್ಮಮ್ಮಂದು ಮೇಡಂ. ಬೆಳಗ್ಗೆ ನಾಲ್ಕು ಗಂಟೆ ರೀಡಿಂಗ್ ಅವ್ರು ತಗೊಂಡಿದ್ದು. ಅದ್ರಲ್ಲಿ ಮೊದಲ ನಾಲ್ಕು ದಿನದ್ದು ನಾವು ಲೆಕ್ಕಕ್ಕೆ ತಗೊಂಡಿಲ್ಲ."

"ಯಾಕೆ?"

"ಅಮ್ಮಂಗೆ ಅವ್ರ ಕೈ ಗೆಲ್ಲಬೇಕು ಅಂತಿತ್ತು ಮೇಡಂ."

ಕೋಣೆಯಲ್ಲಿ ಎಲ್ಲರೂ ನಕ್ಕರು. ಮಗಳು ಗಾಬರಿಯಾಗಿ, "ಬೇಕಂತ ಮಾಡಿದ್ದಲ್ಲ, ಅವ್ರಿಗೇ ಗೊತ್ತಾಗಿರ್ಲಿಲ್ಲ" ಅಂತ ಸೇರಿಸಿದಳು. ಗೋಪುರದ ತುದಿ, ಅಂಚಿನ ಗೆರೆ, ನಂಬರು, ಜಾಮಿಟ್ರಿ ಬಾಕ್ಸಿನ ಚೀಟಿ, ಎಲ್ಲಾ ಹೇಳಿದಳು. ಇದು ಎಂಟು ನಿಮಿಷದ ಭಾಷಣದಲ್ಲಿ ಇರಲೇ ಇಲ್ಲ, ನನ್ನ ಮರ್ಯಾದೆ ಹೋಗುತ್ತೆ ಅಂತ ಬಿಟ್ಟಿದ್ದಳು ಅನ್ನಿಸುತ್ತೆ. ತೀರ್ಪುಗಾರ್ತಿ ಪೆನ್ನು ಕೆಳಗಿಟ್ಟು ಕೇಳಿದರು, "ಹೀಗೆ ನಂಬರ್ ಹಾಕಿ ಮುಚ್ಚಿಡೋದನ್ನ ಯಾರು ಹೇಳಿಕೊಟ್ರು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಜೊತೆಗಾತಿ ಹೇಳಿದಳು, "ಯಾರೂ ಇಲ್ಲ ಮೇಡಂ. ಆಂಟಿ ಜೊತೆ ಜಗಳ ಆಗ್ಬಾರ್ದು ಅಂತ ಮಾಡಿದ್ದು."

ಇನ್ನೊಬ್ಬ ತೀರ್ಪುಗಾರರು, ಬ್ಯಾಕ್ಟೀರಿಯಾ ಉದ್ದಿನದೇ ಅಂತ ನಿಮಗೆ ಹೇಗೆ ಗೊತ್ತು ಅಂತ ಕೇಳಿದರು. "ಅದನ್ನ ನಾವು ಅಳೆದಿಲ್ಲ ಸರ್, ಓದಿದ್ದು" ಅಂದಳು ಮಗಳು. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಕಿಟಕಿ ಹತ್ತಿರ ನಿಂತಿದ್ದ ಇನ್ನೊಬ್ಬ ತಾಯಿ ನನ್ನ ಕಡೆ ತಿರುಗಿ, "ಯಾರ ಮಕ್ಳೋ, ಚೆನ್ನಾಗಿ ಮಾತಾಡ್ತಾರೆ ಅಲ್ವಾ? ಆದ್ರೆ ಅವರಮ್ಮನ್ನ ಹಿಂಗೆ ಬಿಟ್ಟುಕೊಟ್ರಲ್ಲ" ಅಂದರು. "ಹೂಂ, ನೋಡಿ" ಅಂದೆ. ಮುಂದಕ್ಕೆ ಮಾತು ಹೊರಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದು ನೋಡಿ ಅವರಿಗೆ ಅರ್ಥವಾಗಿರಬೇಕು, ನನ್ನ ಭುಜ ತಟ್ಟಿದರು.

ರಾಜ್ಯ ಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಕಿರಿಯರಲ್ಲಿ ಎರೆಹುಳು ಎಣಿಸಿದ ಆ ಹಳ್ಳಿ ಹುಡುಗರು ಹೋದರು. ಮೂರು ತಿಂಗಳು ದಿನಾ ಎಣಿಸಿದ್ದರಂತೆ, ನಮ್ಮದು ಆರು ರಾತ್ರಿ. ಸರಿಯಾಗೇ ಇತ್ತು. ಜೊತೆಗಾತಿ ಅತ್ತಳು. ಮಗಳು ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕೈಯಲ್ಲಿ ಥರ್ಮಾಮೀಟರ್ ಹಾಗೇ ಹಿಡಿದಿದ್ದಳು.

ಮನೆಗೆ ಬಂದು ಅತ್ತೆಗೆ ಎಲ್ಲಾ ವರದಿ ಒಪ್ಪಿಸಿದೆ. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟೆ, "ಅಂದ್ರೆ ಅತ್ತೆ, ಅವತ್ತು ನೀವು ಹೇಳಿದ್ದು ಕೈಗುಣ ಅಂತ, ಅದು ಸುಳ್ಳೇ ಅಂತಾಯ್ತಲ್ಲ?"

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ನನಗಾಗ ರಟ್ಟೆ ನೋವು ಕಣೇ. ಹಂಗಂದ್ರೆ ನೀನು ದಿನಾ ಕಲೆಸ್ತೀಯ ಅಂತ ಅಂದಿದ್ದು."

ಯಜಮಾನರು ನಗುತ್ತಾ ಎದ್ದು ಹೊರಗೆ ಹೋದರು. ಮಗಳು ನೆಲದ ಮೇಲೆ ಬಿದ್ದು ಹೊರಳಾಡಿದಳು.

ಈಗ ಹಿಟ್ಟು ಯಾರು ಬೇಕಾದರೂ ಕಲೆಸುತ್ತಾರೆ, ಡಬರಿ ಮಾತ್ರ ಒಲೆ ಪಕ್ಕದ ಗೂಡು ಬಿಟ್ಟು ಕದಲುವ ಹಾಗಿಲ್ಲ. ಕಳೆದ ತಿಂಗಳು ತವರಿನಲ್ಲಿ ಮೂರು ದಿನ ಇದ್ದು ಬಂದೆ. ಲಾಗ್ ಬುಕ್ಕನ್ನು ಮಿಸ್ ವಾಪಸ್ ಕೊಟ್ಟರು. ಮೆಸ್ಸಿನ ಲೆಕ್ಕದ ಪುಸ್ತಕದ ಜೊತೆಯಲ್ಲೇ ಇಟ್ಟಿದ್ದೇನೆ. ಅದರಲ್ಲೊಂದು ಪುಟದಲ್ಲಿ ನನ್ನ ಕೈಬರಹದ ನಾಲ್ಕು ಅಂಕಿ, ನಾಲ್ಕಕ್ಕೂ ಮಗಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಅಮ್ಮ ಓದಿದ್ದು, ಬಿಟ್ಟಿದೆ' ಅಂತ ಬರೆದಿದ್ದಾಳೆ. ಮನೆಗೆ ಯಾರೇ ಬರಲಿ, ಆ ಪುಟ ತೆಗೆದು ತೋರಿಸುತ್ತೇನೆ.